ಮೊದಲ ದಿನದ ಸುಳ್ಳು

೩೦ ಆಗಸ್ಟ್ ೨೦೦೪, ಸೋಮವಾರ

ಇಂದು ನಮ್ಮ ಬೀಜದ ಕಂಪನಿಯ ಹೊಸ ಮ್ಯಾನೇಜರ್ ಮಧು ನನ್ನನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಇಪ್ಪತ್ಮೂರು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಕುರ್ಚಿ ತೋರಿಸಿದ್ದು ಇದು ಎರಡನೇ ಸಲ. ಮೊದಲ ಸಲ ಕುರ್ಚಿಯ ಕಾಲು ಮುರಿದಿತ್ತು, ರಿಪೇರಿಗೆ ಒಯ್ಯಲು ಹೇಳಿದ್ದರು. ಆದ್ದರಿಂದ ಈ ಸಲವೂ ಕಾಲು ನೋಡಿಯೇ ಕೂತೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. ಆರು ವರ್ಷದಲ್ಲಿ ಹೊಲದ ಉಸ್ತುವಾರಿಗೆಂದು ಹತ್ತೊಂಬತ್ತು ಜನ ಹೊಸಬರು ನನ್ನ ಕೈಕೆಳಗೆ ಬಂದರು, ಹದಿನಾಲ್ಕು ಜನ ತಿಂಗಳೊಳಗೆ ಬಿಟ್ಟು ಹೋದರು, ಯಾಕೆ? ಬಿಸಿಲು ಅಂದೆ. ಹೊಲಕ್ಕೆ ಹೋಗುವ ಹಲಗೇರಿ ರಸ್ತೆ ಅಂದೆ. ಓದಿದ ಹುಡುಗರಿಗೆ ಹತ್ತಿ ಅಂದರೆ ಅಂಗಿ ಮಾತ್ರ ಗೊತ್ತು ಅಂದೆ. ಮಧು ದಾವಣಗೆರೆ ಕಡೆಯವರು, ಎಂಬಿಎ ಓದಿದವರು. ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಬರೆದುಕೊಂಡು, ಆಮೇಲೆ ಅದರ ಮೇಲೆ ಅಡ್ಡ ಗೀಟು ಎಳೆದರು.

ಬುಧವಾರ ಇಬ್ಬರು ಹೊಸಬರು ಬರುತ್ತಾರಂತೆ. ಹತ್ತಿ ಕ್ರಾಸಿಂಗ್ ಮುಗಿಯುವ ಅಕ್ಟೋಬರ್ ಹದಿನೈದಕ್ಕೆ ಇಬ್ಬರೂ ಕೆಲಸದಲ್ಲಿ ಉಳಿದಿದ್ದರೆ ನಾನು ಕಂಪನಿಯ ತರಬೇತಿ ಅಧಿಕಾರಿ. ಹಾವೇರಿಯ ಹೊಸ ಆಫೀಸು, ಮೇಜು, ಎದುರಿಗೆ ಕೂತು ಕೇಳುವ ಜನ. ಒಬ್ಬ ಹೋದರೂ ನನ್ನ ಜಾಗ ಬ್ಯಾಡಗಿ ಗೋದಾಮು.

ಬ್ಯಾಡಗಿ ಗೋದಾಮನ್ನು ನಾನು ನೋಡಿದ್ದೇನೆ. ಮೂರು ಸಾವಿರ ಚೀಲ, ಒಬ್ಬ ಕಾವಲುಗಾರ ಫಕ್ಕೀರಸಾಬ. ಅವನಿಗೆ ಎರಡೂ ಕಿವಿ ಕೇಳುವುದಿಲ್ಲ. ಮಾತಿನಿಂದಲೇ ಹಮಾಲಿಯಿಂದ ಸೂಪರ್‌ವೈಸರ್ ಆದ ನನ್ನಂಥವನನ್ನು ಅಲ್ಲಿ ಕೂಡಿಸುವುದೆಂದರೆ ಮೀನನ್ನು ಕಪಾಟಿನಲ್ಲಿಟ್ಟ ಹಾಗೆ.

ಮನೆಗೆ ಬಂದು ಹೆಂಡತಿ ಹೊನ್ನವ್ವನಿಗೆ ಹೇಳಿದೆ. “ಫಕ್ಕೀರಸಾಬನ ಪುಣ್ಯ ದೊಡ್ಡದು,” ಅಂದಳು.

೧ ಸೆಪ್ಟೆಂಬರ್, ಬುಧವಾರ

ಹೊಸಬರು ಬಂದರು. ಒಬ್ಬಳು ದೀಪಿಕಾ, ಹಾವೇರಿಯವಳು, ಹೊಲದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಇನ್ನೊಬ್ಬ ವಿಜಯಮಹಾಂತೇಶ, ಬಾಗಲಕೋಟೆ ಕಡೆಯವನು, ಧಾರವಾಡದಲ್ಲಿ ಕೃಷಿ ಪದವಿ. ಜೇಬಿನಲ್ಲಿ ಮೂರು ಬಣ್ಣದ ಪೆನ್ನು. “ನಮಸ್ಕಾರ” ಅಂದೆ, ಅದನ್ನೂ ಬರೆದುಕೊಳ್ಳುತ್ತಾನೋ ಎಂದು ಅನುಮಾನವಾಯಿತು.

ಇವರಿಗೆ ಹೇಳುವ ಪಾಠ ನಾಲ್ಕು ಸಾಲಿನದು. ಹೊಲದಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಸುಲಿದಿಡಬೇಕು. ಮರುದಿನ ಬೆಳಗ್ಗೆ ಗಂಡು ಹೂವನ್ನು ಅದಕ್ಕೆ ಸವರಿ ದಾರ ಕಟ್ಟಬೇಕು. ಇದೇ ಕ್ರಾಸಿಂಗ್. ಕೈಯಿಂದ ಮಾಡುವವರು ಹೆಣ್ಣಾಳುಗಳು, ಬಾಯಿಂದ ಮಾಡಿಸುವವರು ನಾವು.

ಪಾಠದ ಜೊತೆ ಒಂದು ಸುಳ್ಳು ಕೊಡುವುದು ನನ್ನ ಪದ್ಧತಿ. ೧೯೮೧ರಲ್ಲಿ ನಾನು ಕರ್ಜಗಿಯಿಂದ ಬಂದು ಹಮಾಲಿಗೆ ಸೇರಿದ ದಿನ ಹಿರಿಯ ಹಮಾಲ ಚಾಂದಸಾಬ ಹೇಳಿದ್ದ, ಗಂಡು ಬೀಜದ ಚೀಲ ಬಲ ಹೆಗಲಿಗೆ, ಹೆಣ್ಣು ಬೀಜದ್ದು ಎಡ ಹೆಗಲಿಗೆ, ಅದಲುಬದಲಾದರೆ ಮೊಳಕೆ ಬರುವುದಿಲ್ಲ ಅಂತ. ಎಂಟು ತಿಂಗಳು ಹಾಗೆಯೇ ಹೊತ್ತೆ. ಮನುಷ್ಯನ ತೂಕ ತಿಳಿಯಲು ಇದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. ನನ್ನ ಕೆಂಪು ಪುಸ್ತಕದಲ್ಲಿ ಐದು ಕಲಂ ಇವೆ: ಹೆಸರು, ಸೇರಿದ ದಿನ, ಕೊಟ್ಟ ಸುಳ್ಳು, ಸುಳ್ಳು ಒಡೆದ ದಿನ, ಬಿಟ್ಟು ಹೋದ ದಿನ.

ದೀಪಿಕಾಗೆ, ಹೊಸಬರು ಮೊದಲ ವಾರ ಫ್ಯಾನಿನ ಕೆಳಗೆ ಕೂರುವಂತಿಲ್ಲ ಎಂದೆ. ಯಾವ ಕಾಗದದಲ್ಲಿ ಬರೆದಿದೆ ತೋರಿಸಿ ಎಂದು ಕೇಳಿ, ಕಾಗದ ಬರುವ ಮೊದಲೇ ಫ್ಯಾನು ಹಾಕಿಕೊಂಡು ಕೂತಳು. ನಾಲ್ಕು ನಿಮಿಷ. ಇಷ್ಟು ಬೇಗ ಯಾವುದೂ ಒಡೆದಿರಲಿಲ್ಲ.

ವಿಜಯಮಹಾಂತೇಶನಿಗೆ ಸ್ವಲ್ಪ ಕಸೂತಿ ಹಾಕಿದ ಸುಳ್ಳು ಕೊಟ್ಟೆ. ಬೆಳಗ್ಗೆ ಹೊಲಕ್ಕೆ ಹೋದ ಕೂಡಲೇ ಒಳಗೆ ಕಾಲಿಡಬಾರದು. ಬದುವಿನ ಮೇಲೆ ಚಪ್ಪಲಿ ಬಿಟ್ಟು, ಹೆಣ್ಣಾಳುಗಳ ಮೇಸ್ತ್ರಿಗೆ “ಶುರು ಮಾಡೋಣೇನ್ರಿ?” ಎಂದು ಕೇಳಿ ಕೈ ಕಟ್ಟಿ ನಿಲ್ಲಬೇಕು. ಅವಳು “ಹೂಂ” ಅನ್ನುವವರೆಗೆ ಕೆಲಸವಿಲ್ಲ. ಇದು ಹಲಗೇರಿಯ ಹಿಂದಿನಿಂದ ಬಂದ ರೂಢಿ.

ಹಸಿರು ಪೆನ್ನಿನಲ್ಲಿ ಬರೆದುಕೊಂಡು, ಕೆಂಪಿನಲ್ಲಿ ಅಡಿಗೆರೆ ಹಾಕಿದ.

೬ ಸೆಪ್ಟೆಂಬರ್, ಸೋಮವಾರ

ಕ್ರಾಸಿಂಗ್ ಶುರು. ಹಲಗೇರಿಯಲ್ಲಿ ನಮಗೆ ಒಂದೇ ದಿನ ಬಿತ್ತಿದ ಎರಡು ಹೊಲ ಇವೆ, ನಡುವೆ ಬಂಡಿದಾರಿ. ಕೆಳಗಿನದು ನನ್ನದು, ಮೇಲಿನದನ್ನು ಹುಡುಗನಿಗೆ ಒಪ್ಪಿಸಿದೆ. ನಾನು ಎಂದಿನಂತೆ ಏಳಕ್ಕೆ ಪೀಪಿ ಊದಿ ನನ್ನ ಹದಿನಾರು ಆಳುಗಳನ್ನು ಸಾಲಿಗೆ ಇಳಿಸಿ, ಬಂಡಿದಾರಿಯಲ್ಲಿ ನಿಂತು ತಮಾಷೆ ನೋಡಿದೆ.

ಅವನು ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಕೈ ಕಟ್ಟಿ ಕೇಳಿದ. ಮೇಲಿನ ಹೊಲದ ಮೇಸ್ತ್ರಿ ಮುದುಕಿ ಮೊದಲು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೋ ಕೇಳುತ್ತಿದ್ದಾನೆಂದು. ಆಮೇಲೆ ಅವನ ಬರಿಗಾಲು ನೋಡಿದಳು. ಆಮೇಲೆ ಕೂತುಬಿಟ್ಟಳು. ಹದಿನಾಲ್ಕು ಹೆಂಗಸರೂ ಕೂತರು. ಎಲೆ-ಅಡಿಕೆ ಚೀಲ ಹೊರಗೆ ಬಂತು. ಎಂಟೂ ಹತ್ತಕ್ಕೆ ಮುದುಕಿ ಒಂದು ಹೂವನ್ನು ಬೆರಳಿನಿಂದ ಮುಟ್ಟಿ ನೋಡಿ “ಹೂಂ” ಅಂದಳು.

ಅಲ್ಲಿಯವರೆಗೂ ಅವನು ನಿಂತೇ ಇದ್ದ. ನಗು ತಡೆಯಲು ನಾನು ಎರಡು ಸಲ ಎಂ-೮೦ ಗಾಡಿಯ ಹಿಂದೆ ಕೂರಬೇಕಾಯಿತು.

೯ ಸೆಪ್ಟೆಂಬರ್, ಗುರುವಾರ

ನಿಂತೇ ಇದ್ದಾನೆ.

೧೩ ಸೆಪ್ಟೆಂಬರ್, ಸೋಮವಾರ

ಈಗ ನಿಲ್ಲುವುದಿಲ್ಲ, ಕೂರುತ್ತಾನೆ. ಬದುವಿನ ಮೇಲೆ ಅವನಿಗೊಂದು ಗೋಣಿತಟ್ಟು ಹಾಸಿದ್ದಾರೆ. ದಿನಾ ಒಂದು ತಾಸು ಹರಟೆ. ಮುದುಕಿಯ ಹೆಸರು ಬಸವಣ್ಣೆವ್ವ ಎಂದು ನನಗೆ ಅವನಿಂದ ಗೊತ್ತಾಯಿತು. ಹನ್ನೊಂದು ವರ್ಷದಿಂದ ಅವಳ ಹಾಜರಿ ಹಾಕುತ್ತಿದ್ದೇನೆ, ‘ಮೇಸ್ತ್ರಿ–೧’ ಎಂದು ಬರೆದರೆ ಸಾಕಾಗುತ್ತಿತ್ತು.

ಇಂದು ದೀಪಿಕಾ ಎಣಿಕೆ ತೆಗೆದುಕೊಳ್ಳಲು ಹೊಲಕ್ಕೆ ಬಂದಿದ್ದಳು. ಹುಡುಗನ ಚಪ್ಪಲಿ ನೋಡಿದಳು, ನನ್ನ ಬೂಟು ನೋಡಿದಳು. ಪಕ್ಕಕ್ಕೆ ಬಂದು ಕೇಳಿದಳು:

“ಸರ್, ನನಗ ಫ್ಯಾನಿನ ಸುಳ್ಳು ಕೊಟ್ರಿ. ಇವ್ರಿಗೆ ಚಪ್ಪಲಿದು ಕೊಟ್ಟೀರಿ ಹೌದಿಲ್ರಿ?”

ನಾನು ಆಕಾಶ ನೋಡಿದೆ. ಮೋಡ ಇರಲಿಲ್ಲ. ಅವಳೇ ಮುಂದುವರಿಸಿದಳು. ತಾನು ಹೇಳುವುದಿಲ್ಲವಂತೆ, ಆದರೆ ಇದು ಒಳ್ಳೆಯ ಕೆಲಸವಲ್ಲವಂತೆ. ಇಪ್ಪತ್ತೆರಡು ವರ್ಷದ ಹುಡುಗಿ. ನನ್ನ ಅನುಭವವೇ ಅವಳ ವಯಸ್ಸಿಗಿಂತ ಒಂದು ವರ್ಷ ದೊಡ್ಡದು. ಹಾಗೆಂದು ಹೇಳಿದೆ. “ಹಂಗಾರ ಅದಕ್ಕೂ ಬುದ್ಧಿ ಬರೂ ವಯಸ್ಸಾಗೇತಿ ಬಿಡ್ರಿ,” ಅಂದಳು.

೨೦ ಸೆಪ್ಟೆಂಬರ್, ಸೋಮವಾರ

ಗಣಪತಿ ಹಬ್ಬದ ರಜೆ ಮುಗಿಸಿ ಇಂದು ಏಳಕ್ಕೆ ಸರಿಯಾಗಿ ಪೀಪಿ ಊದಿದೆ. ನನ್ನ ಹೊಲದಲ್ಲಿ ಒಬ್ಬರೂ ಏಳಲಿಲ್ಲ. ಪೀಪಿಯೊಳಗೆ ಕಸ ಸಿಕ್ಕಿರಬೇಕೆಂದು ಜಾಡಿಸಿ ಮತ್ತೆ ಊದಿದೆ. ಸುರೇಖಾ ಅಂತ ಒಬ್ಬಳಿದ್ದಾಳೆ, ಕೆಳಗಿನ ಹೊಲದ ಆಳುಗಳಲ್ಲಿ ಬಾಯಿ ಜೋರು. ಅವಳು ಕೂತಲ್ಲಿಂದಲೇ ಹೇಳಿದಳು:

“ಮ್ಯಾಲಿನ ಹೊಲದಾಗ ಸಾಹೇಬ್ರು ಚಪ್ಪಲಿ ಬಿಟ್ಟು ಕೇಳತಾರ. ನೀವು ಪೀಪಿ ಊದತೀರಿ. ನಾವೇನ್ ರೈಲೇನ್ರಿ?”

ಹದಿನಾರು ಜನ ನಕ್ಕರು. ನಾನು ಸಂಬಳದ ಮಾತು ತೆಗೆದೆ, ಕಂಪನಿಯ ಮಾತು ತೆಗೆದೆ, ಶಿಸ್ತಿನ ಬಗ್ಗೆ ಹದಿನೈದು ನಿಮಿಷ ಚೆನ್ನಾಗಿಯೇ ಮಾತಾಡಿದೆ. ಕೇಳಿದರು, ಏಳಲಿಲ್ಲ. ಕೊನೆಗೆ ಬೂಟು ಬಿಚ್ಚಲಿಲ್ಲ, ಆದರೆ “ಶುರು ಮಾಡೋಣೇನು?” ಎಂದು ಕೇಳಿದ್ದು ನಿಜ. ಗಂಟಲು ಸರಿಪಡಿಸಿಕೊಳ್ಳುವವನ ಹಾಗೆ ಕೇಳಿದೆ. ಸುರೇಖಾ, ಇನ್ನೂ ಹೊತ್ತಾಗಿಲ್ಲ ಅಂದಳು.

ನಾನೇ ಹುಟ್ಟಿಸಿದ ಸುಳ್ಳು ಬಂಡಿದಾರಿ ದಾಟಿ ನನ್ನ ಹೊಲಕ್ಕೇ ಬಂದಿದೆ. ಕೆಂಪು ಪುಸ್ತಕದಲ್ಲಿ ಇದಕ್ಕೆ ಕಲಂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೊನ್ನವ್ವನಿಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಅವ್ವ ಅವಳಿಗೆ ಈ ಮನೆಯಲ್ಲಿ ಸೊಸೆಯಂದಿರು ಎರಡನೇ ಸಲ ಚಹಾ ಕುಡಿಯುವುದಿಲ್ಲ ಎಂದು ಹೇಳಿದ್ದಳು ಅಂದಳು. ಮೂರು ವರ್ಷ ನಂಬಿದಳಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವು ಕೇಳಿದ್ರೇನು?” ಅಂದಳು, ಮತ್ತೆ ಬಡಿಯತೊಡಗಿದಳು.

೨೪ ಸೆಪ್ಟೆಂಬರ್, ಶುಕ್ರವಾರ

ವಿಜಯಮಹಾಂತೇಶ ಮಧ್ಯಾಹ್ನ ನನ್ನ ಮುಂದೆ ನೋಟ್‌ಬುಕ್ ಇಟ್ಟ. ಮೊದಲ ವಾರ ದಾರ ಕಟ್ಟಿದ ಹೂಗಳಲ್ಲಿ ಎಷ್ಟು ಕಾಯಿ ಹಿಡಿದಿವೆ ಎಂದು ಎರಡೂ ಹೊಲದಲ್ಲಿ ಎಣಿಸಿದ್ದಾನೆ. ನೂರು ಹೂವಿಗೆ ಮೇಲಿನ ಹೊಲದಲ್ಲಿ ಐವತ್ತೆಂಟು ಕಾಯಿ. ನನ್ನ ಹೊಲದಲ್ಲಿ ಮೂವತ್ತೊಂಬತ್ತು.

ಎಣಿಕೆ ತಪ್ಪಿರಬೇಕು ಎಂದೆ. ನಾನೇ ಎಣಿಸಿದೆ. ಮೂವತ್ತೆಂಟು ಬಂತು.

ಕಾರಣ ಇಬ್ಬನಿಯಂತೆ. ಗಂಡು ಹೂವಿನ ಪುಡಿಗೆ ನೀರು ತಾಗಿದರೆ ಅದು ಒಡೆದು ಹಾಳಾಗುತ್ತದಂತೆ. ಬಸವಣ್ಣೆವ್ವ ದಿನಾ “ಹೂಂ” ಅನ್ನುವ ಮೊದಲು ಹೂವನ್ನು ಮುಟ್ಟಿ ನೋಡುತ್ತಿದ್ದದ್ದು ಹಸಿ ಆರಿದೆಯೋ ಇಲ್ಲವೋ ಎಂದು. ಮೊದಲ ದಿನ ಹುಡುಗನನ್ನು ಆಡಿಸಲು ಕೂತವಳು, ಅವನು ನಿಜವಾಗಿಯೂ ಕಾಯುತ್ತಾನೆಂದು ಕಂಡಾಗ ಸರಿಯಾದ ಹೊತ್ತಿಗೆ ಎದ್ದಳು, ಅಷ್ಟೇ. ನಾನು ಹನ್ನೊಂದು ವರ್ಷ ಏಳಕ್ಕೆ ಪೀಪಿ ಊದಿ ಒದ್ದೆ ಹೂವಿಗೆ ಒದ್ದೆ ಹೂವು ಸವರಿಸಿದ್ದೇನೆ. ಹನ್ನೊಂದು ವರ್ಷ, ನೂರಕ್ಕೆ ಹತ್ತೊಂಬತ್ತು ಕಾಯಿ ನಷ್ಟ. ಗುಣಿಸಲು ಹೋಗಲಿಲ್ಲ.

ಸಂಜೆ ಮೇಲಿನ ಹೊಲಕ್ಕೆ ಹೋಗಿ ಬಸವಣ್ಣೆವ್ವನನ್ನು ಸ್ವಲ್ಪ ಜೋರಾಗಿಯೇ ಕೇಳಿದೆ, ಇಷ್ಟು ವರ್ಷ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆಯಾ ಎಂದು. ಅವಳು ಮೊಗ್ಗು ಸುಲಿಯುತ್ತಲೇ ಹೇಳಿದಳು:

“ಪೀಪಿ ಬಾಯಾಗ ಇಟ್ಕೊಂಡಾರಿಗೆ ಹೆಂಗ್ ಹೇಳೂದ್ರಿ? ನೀವು ಯಾವತ್ತ ಅದನ್ನ ತಗದ್ರಿ?”

ಇಂಥದೇ ಮಾತನ್ನು ನಾಲ್ಕು ದಿನದ ಹಿಂದೆ ಮನೆಯಲ್ಲಿ ಹೊನ್ನವ್ವನ ಬಾಯಿಂದ ಕೇಳಿದ್ದೆ. ಹೆಂಗಸರೆಲ್ಲ ಒಟ್ಟು ಸೇರಿ ಮಾತಾಡಿಕೊಂಡಿರುತ್ತಾರೋ ಏನೋ.

೨೭ ಸೆಪ್ಟೆಂಬರ್, ಸೋಮವಾರ

ಪೀಪಿ ಮನೆಯಲ್ಲೇ ಮರೆತು ಬಂದೆ.

೨೮ ಸೆಪ್ಟೆಂಬರ್, ಮಂಗಳವಾರ

ಇಂದೂ ಮರೆತೆ. ವಯಸ್ಸು.

ಸುರೇಖಾಳ ಎಮ್ಮೆ ಕರು ಹಾಕಿದೆ. ಬೆಳಗಿನ ಹರಟೆಯಲ್ಲಿ ಗೊತ್ತಾಯಿತು.

೭ ಅಕ್ಟೋಬರ್, ಗುರುವಾರ

ದೊಡ್ಡ ದಿನ. ನಮ್ಮ ಬೀಜ ಕೊಳ್ಳುವ ಹೈದರಾಬಾದಿನ ದೊಡ್ಡ ಸಾಹೇಬರು ಹೊಲ ನೋಡಲು ಬಂದರು. ಜೊತೆಗೆ ಮಧು, ಮಿರಿಮಿರಿ ಬೂಟು. ಜೀಪು ಮೇಲಿನ ಹೊಲದ ಬದುವಿಗೆ ನಿಂತಾಗ ಎಂಟು ಗಂಟೆ. ಮಧು ಬೂಟು ಸಮೇತ ಸಾಲಿಗೆ ಇಳಿಯಲು ಹೋದರು. ಬಸವಣ್ಣೆವ್ವ ಎದ್ದು ಬಂದು ಅಡ್ಡ ನಿಂತಳು. ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ. ಬರೀ ಬೂಟು ನೋಡಿದಳು.

ಇದೇನು ಎಂದು ಮಧು ಕೇಳಿದರು. ವಿಜಯಮಹಾಂತೇಶ ಮುಂದೆ ಬಂದ. ಆಗಲೇ ಅವನು ಬರಿಗಾಲಲ್ಲಿದ್ದ. ಮುಖದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವವನ ಕಳೆ.

“ಇದು ಹಲಗೇರಿ ಪದ್ಧತಿ ಸರ್. ಮೈಲಾರೆಪ್ಪ ಸರ್ ನನಗ ಮೊದಲನೇ ದಿನಾನ ಹೇಳಿಕೊಟ್ಟಾರ.”

ಎಲ್ಲರೂ ನನ್ನ ಕಡೆ ತಿರುಗಿದರು. ದೀಪಿಕಾ ಜೀಪಿನ ಹತ್ತಿರ ನಿಂತು ರಿಜಿಸ್ಟರಿನಿಂದ ಬಾಯಿ ಮುಚ್ಚಿಕೊಂಡಳು. ಹಲಗೇರಿಯಲ್ಲಿ ಅಂಥ ಪದ್ಧತಿ ಇಲ್ಲವೆಂದು ಅಲ್ಲಿದ್ದ ಹದಿನಾಲ್ಕು ಹೆಂಗಸರಿಗೂ ಗೊತ್ತು. ಯಾರೂ ತುಟಿ ಬಿಚ್ಚಲಿಲ್ಲ. ನಿಜ ಹೇಳಿದರೆ ಹುಡುಗನ ಮಾನ ಎಲ್ಲರೆದುರು ಹೋಗುತ್ತಿತ್ತು, ಅವನು ಉಳಿಯುತ್ತಿರಲಿಲ್ಲ, ನನಗೆ ಫಕ್ಕೀರಸಾಬನೇ ಗತಿ. ಬಾಯಿ ತೆರೆದೆ. ಬಂದದ್ದು ನನಗೇ ಆಶ್ಚರ್ಯ. ಚಪ್ಪಲಿಯ ಅಡಿಗೆ ಬೇರೆ ಹೊಲದ ಹೂಪುಡಿ, ರೋಗದ ಮಣ್ಣು ಅಂಟಿ ಬರುತ್ತದೆ, ಅದಕ್ಕೆ ಬರಿಗಾಲು. ಇಬ್ಬನಿ ಆರಿದ್ದು ಕೈಯಿಂದ ಮುಟ್ಟಿದವರಿಗೇ ಗೊತ್ತು, ಅದಕ್ಕೆ ಮೇಸ್ತ್ರಿಯ ಹೂಂ. ನೂರಕ್ಕೆ ಐವತ್ತೆಂಟು ಕಾಯಿ ಎಂದು ಎಣಿಕೆ ಸಮೇತ ಮುಗಿಸಿದೆ.

ದೊಡ್ಡ ಸಾಹೇಬರು ಎರಡು ಕ್ಷಣ ಯೋಚಿಸಿ, ಕೆಳಗೆ ಕೂತು ಬೂಟಿನ ದಾರ ಬಿಚ್ಚಿದರು. ಹಾಗಾದ ಮೇಲೆ ಮಧು ಬಿಚ್ಚದೆ ಇರುತ್ತಾರೆಯೇ? ಅವರ ಕಾಲುಚೀಲದಲ್ಲಿ ತೂತಿತ್ತು. ಇಬ್ಬರೂ ಎಂಟೂ ಇಪ್ಪತ್ತರವರೆಗೆ ಬದುವಿನ ಮೇಲೆ ನಿಂತರು. “ಹೂಂ” ಬಂತು.

ಹೋಗುವಾಗ ಮಧು ನನ್ನ ಕೈ ಕುಲುಕಿದರು. ಈ ಪದ್ಧತಿಯನ್ನು ಮುಂದಿನ ವರ್ಷ ಎಲ್ಲ ಹೊಲಕ್ಕೂ ತರುತ್ತಾರಂತೆ, ಹೊಸಬರ ಕೈಪಿಡಿಯಲ್ಲಿ ಮೊದಲ ಪುಟಕ್ಕೆ ನನ್ನ ಹೆಸರು ಹಾಕಿ ಅಚ್ಚು ಮಾಡಿಸುತ್ತಾರಂತೆ. ಹಾವೇರಿಯ ಮೇಜು ಕಣ್ಣಿಗೆ ಕಂಡಿತು. ಅದರ ಮೇಲೆ ಗಾಜು ಕೂಡ ಇತ್ತು.

೮ ಅಕ್ಟೋಬರ್, ಶುಕ್ರವಾರ

ಹಲಗೇರಿ ಕ್ರಾಸಿನ ಚಹಾದಂಗಡಿ ಡಾಕಪ್ಪನ ನಾಲಿಗೆಗೆ ಕೀಲಿ ಇಲ್ಲ. ಇಂದು ಸಂಜೆ ವಿಜಯಮಹಾಂತೇಶ ಚಹಾ ಕುಡಿಯುತ್ತಿರುವಾಗ, ಮೈಲಾರೆಪ್ಪನವರ ಸುಳ್ಳುಗಳಲ್ಲಿ ಇದೇ ಬಹಳ ದಿನ ನಡೆದದ್ದು ಎಂದು ನಾಲ್ಕು ಜನರೆದುರು ಹೊಗಳಿದನಂತೆ. ನನ್ನನ್ನೇ ಹೊಗಳಿದ್ದು, ನನ್ನನ್ನೇ ಮುಳುಗಿಸಿದ್ದು. ಹುಡುಗ ಚಹಾ ಅರ್ಧಕ್ಕೆ ಬಿಟ್ಟು ರಾಣೆಬೆನ್ನೂರಿನ ರೂಮಿಗೆ ಹೋದನಂತೆ.

ಮೂವತ್ತೇಳು ದಿನ. ಪುಸ್ತಕದಲ್ಲಿ ಬರೆದೆ. ಪೆನ್ನು ಸರಿಯಾಗಿ ಮೂಡಲಿಲ್ಲ.

೯ ಅಕ್ಟೋಬರ್, ಶನಿವಾರ

ಬೆಳಗ್ಗೆ ಹೊಲಕ್ಕೆ ಅವನು ಬರಲಿಲ್ಲ. ಬಸವಣ್ಣೆವ್ವ ಏಕೆ ಎಂದು ಕೇಳಿದಳು. ಗೋಣಿತಟ್ಟು ಹಾಸಿಯೇ ಇತ್ತು. ಅಲ್ಲಿಂದಲೇ ಗಾಡಿ ತಿರುಗಿಸಿ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿಗೆ ಹೋದೆ. ಹುಬ್ಬಳ್ಳಿ ಬಸ್ಸು ನಿಲ್ಲುವ ಕಡೆ ಕೂತಿದ್ದ, ಮಡಿಲಲ್ಲಿ ಬ್ಯಾಗು. ಬಸ್ಸು ತಡ ಎಂದು ಕಂಟ್ರೋಲರು ಕೂಗುತ್ತಿದ್ದ. ಕಂಟ್ರೋಲರಿಗೆ ನನ್ನ ಆಯುಷ್ಯ ಹೋಗಿ ಸೇರಲಿ.

ಪಕ್ಕದಲ್ಲಿ ಕೂತೆ. ಶೇಂಗಾ ಕೊಂಡು ಅವನ ಮುಂದೆ ಹಿಡಿದೆ, ಮುಟ್ಟಲಿಲ್ಲ. ಕೊನೆಗೆ ಅವನೇ ಮಾತಾಡಿದ.

“ಪದ್ಧತಿ ಖರೇ ಆತು ಸರ್. ನಾ ಹುಚ್ಚ ಆದೆ. ಇಡೀ ಹಲಗೇರಿಗೆ ಗೊತ್ತಿತ್ತು. ದೀಪಿಕಾಗ ಗೊತ್ತಿತ್ತು. ನನಗ ಯಾಕ ಹಿಂಗ್ ಮಾಡಿದ್ರಿ?”

ಎಲ್ಲರಿಗೂ ಮಾಡುತ್ತೇನೆ ಎಂದೆ. ಸಮಾಧಾನ ಹೇಳಿದಂತೆ ಆಗಲಿಲ್ಲ. ಅದಕ್ಕೆ ಸಾಕ್ಷಿಗೆಂದು ಚೀಲದಿಂದ ಕೆಂಪು ಪುಸ್ತಕ ತೆಗೆದು ಕೈಗೆ ಕೊಟ್ಟೆ. ಅವನು ಸಿಟ್ಟಿನಿಂದ ಹರಿದು ಹಾಕುತ್ತಾನೆ ಎಂದುಕೊಂಡೆ. ಆದರೆ ಎಣಿಕೆಯ ಕಾಗದ ಸಿಕ್ಕರೆ ಅವನ ಸಿಟ್ಟು ಎಲ್ಲಿ ಹೋಗುತ್ತದೋ! ಮೊದಲ ಪುಟದಿಂದ ಓದತೊಡಗಿದ. ನೀಲಿ ಪೆನ್ನು ಹೊರಗೆ ಬಂತು.

“ಸರ್, ಸುಳ್ಳು ಒಡದ ದಿನ, ಬಿಟ್ಟು ಹೋದ ದಿನ. ಈ ಎರಡೂ ಕಲಂ ಯಾವತ್ತರ ಜೋಡಿಸಿ ನೋಡೀರೇನ್ರಿ?”

ನೋಡಿರಲಿಲ್ಲ. ಅವನು ಬೆರಳಿಟ್ಟು ತೋರಿಸಿದ. ಮೊದಲನೆಯವನಿಗೆ ಸುಳ್ಳು ಒಡೆದದ್ದು ಸೋಮವಾರ, ಹೋದದ್ದು ಬುಧವಾರ. ಎರಡನೆಯವನಿಗೆ ಒಡೆದ ದಿನವೇ ಹೋಗಿದ್ದಾನೆ. ಮೂರನೆಯವನು ಮರುದಿನ. ಹದಿನಾಲ್ಕು ಜನರಲ್ಲಿ ಮೂರು ದಿನ ದಾಟಿದವರು ಯಾರೂ ಇಲ್ಲ. ಇಷ್ಟು ವರ್ಷ ನಾನು ಬಿಸಿಲಿಗೆ ಬೈದೆ, ರಸ್ತೆಗೆ ಬೈದೆ.

ಉಳಿದ ಐದು ಜನರಿಗೆ ಯಾಕೆ ಸುಳ್ಳಿನ ಕಲಂ ಖಾಲಿ ಇದೆ ಎಂದು ಕೇಳಿದ. ನೆನಪು ಮಾಡಿಕೊಂಡೆ. ಮೂವರು ಸೇರಿದಾಗ ನಾನು ಕಾಮಾಲೆಯಾಗಿ ಮನೆಯಲ್ಲಿ ಮಲಗಿದ್ದೆ. ಇಬ್ಬರು ಸೇರಿದ್ದು ಮಗಳ ಮದುವೆಯ ವಾರ, ನಾನು ರಜೆ.

ಅಂದರೆ ಹೊಸಬರನ್ನು ನಾನು ಬರಮಾಡಿಕೊಳ್ಳದೆ ಇದ್ದಾಗಲೇ ಅವರು ಉಳಿದಿದ್ದಾರೆ. ಆರು ವರ್ಷದಲ್ಲಿ ಕಂಪನಿಗೆ ನಾನು ಮಾಡಿದ ದೊಡ್ಡ ಉಪಕಾರ ಕಾಮಾಲೆ.

ಬಸ್ಸು ಬಂತು. ಅವನು ಎದ್ದು ನಿಂತ. ಆಗ ನನ್ನ ಬಾಯಿಂದ ಚಾಂದಸಾಬನ ಮಾತು ಬಂತು. ಯಾರಿಗೂ ಹೇಳದಿದ್ದದ್ದು. ಎಂಟು ತಿಂಗಳ ಮೇಲೆ ಸುಳ್ಳು ಒಡೆದ ದಿನ ನಾನೂ ಎಲ್ಲರ ಜೊತೆ ನಕ್ಕೆ, ಆಮೇಲೆ ಚೀಲಗಳ ಹಿಂದೆ ಹೋಗಿ ಕೂತೆ. ಕರ್ಜಗಿಗೆ ವಾಪಸ್ ಹೋಗಲು ಆ ಹೊತ್ತಿಗೆ ಬಸ್ಸಿರಲಿಲ್ಲ, ಇಲ್ಲದಿದ್ದರೆ ಹೋಗಿಬಿಡುತ್ತಿದ್ದೆ. ಇಷ್ಟು ಹೇಳಿ, “ನೀ ಹೋಗಪಾ. ನಿನಗ ಬಸ್ ಐತಿ. ಈ ಪುಸ್ತಕ ಸೋಮವಾರ ನಾನ ಮಧು ಸಾಹೇಬ್ರ ಮುಂದ ಇಡತೇನಿ,” ಅಂದೆ.

“ಇಟ್ರ ನಿಮಗ ಬ್ಯಾಡಗಿನ ಗತಿ ಆಗತೈತಿ ಸರ್.”

“ಆಗಲಿ.”

ಅವನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು, ಕಂಡಕ್ಟರ್ ಬೈಯುವವರೆಗೂ ಹಾಗೇ ನಿಂತು, ಇಳಿದ. ಹೇಳಿದ ಕಾರಣ ಇದು: ಮೇಲಿನ ಹೊಲದಲ್ಲಿ ಇನ್ನೂ ಆರು ದಿನದ ಎಣಿಕೆ ಬಾಕಿ ಇದೆ, ಅರ್ಧಕ್ಕೆ ಬಿಟ್ಟರೆ ಸರಾಸರಿ ತಪ್ಪುತ್ತದೆ. ನನ್ನ ಮೇಲಿನ ಪ್ರೀತಿಗಲ್ಲ ಎಂದು ಸ್ಪಷ್ಟಪಡಿಸಿದ. ಜೊತೆಗೆ ಒಂದು ಶರತ್ತು, ಸೋಮವಾರ ಬದುವಿನ ಮೇಲೆ ಬರಿಗಾಲಲ್ಲಿ ನಿಲ್ಲಬೇಕಾದವನು ನಾನು.

೧೧ ಅಕ್ಟೋಬರ್, ಸೋಮವಾರ

ಬೆಳಗ್ಗೆ ಮೊದಲು ಆಫೀಸಿಗೆ ಹೋಗಿ ಪುಸ್ತಕವನ್ನು ಮಧು ಅವರ ಮೇಜಿನ ಮೇಲಿಟ್ಟೆ. ಅವರು ಇನ್ನೂ ಬಂದಿರಲಿಲ್ಲ, ಅದು ನನ್ನ ಅದೃಷ್ಟ. ದೀಪಿಕಾ ಅದರ ಮೇಲೆ ಒಂದು ಕಾಗದ ಪಿನ್ನು ಮಾಡಿದಳು. ಏನು ಬರೆದೆ ಎಂದರೆ ಹೇಳಲಿಲ್ಲ.

ಹಲಗೇರಿಯಲ್ಲಿ ಬೂಟು ಬಿಚ್ಚಿದೆ. ಮೇಲಿನ ಹೊಲದ ಬದುವಿನಲ್ಲಿ ನೆಗ್ಗಿಲಮುಳ್ಳು ಇದೆ ಎಂದು ಹನ್ನೊಂದು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ಕೈ ಕಟ್ಟಿ, “ಬಸವಣ್ಣೆವ್ವಾರ, ಶುರು ಮಾಡೋಣೇನ್ರಿ?” ಎಂದು ಕೇಳಿದೆ. ಕೆಳಗಿನ ಹೊಲದ ಹದಿನಾರು ಜನವೂ ನೋಡಲು ಬಂಡಿದಾರಿ ದಾಟಿ ಬಂದಿದ್ದರು. ಸುರೇಖಾ ತನ್ನ ಎಮ್ಮೆಯ ಹಾಲಿನ ಪೇಡೆ ತಂದಿದ್ದಳು, ಸಿನಿಮಾಕ್ಕೆ ಬಂದವಳ ಹಾಗೆ ಎಲ್ಲರಿಗೂ ಹಂಚಿದಳು. ನನಗೂ ಕೊಟ್ಟಳು.

ಬಸವಣ್ಣೆವ್ವ ಹೂಂ ಅನ್ನಲಿಲ್ಲ. ನನ್ನ ಕೈ ಹಿಡಿದು ಸಾಲಿಗೆ ಎಳೆದುಕೊಂಡು ಹೋಗಿ ಗಂಡು ಹೂವು ಕೊಟ್ಟಳು. ಇಪ್ಪತ್ಮೂರು ವರ್ಷದಲ್ಲಿ ನಾನು ಒಂದು ಹೂವನ್ನೂ ಕ್ರಾಸ್ ಮಾಡಿಲ್ಲ ಎಂಬುದು ಅವಳಿಗೆ ಗೊತ್ತು.

“ಒತ್ತಬ್ಯಾಡ್ರಿ, ಸವರ್ರಿ. ಅದೇನ್ ಬಾಗಿಲಲ್ಲ.”

ಮೊದಲನೆಯದು ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದು ಮುರಿದಾಗ ವಿಜಯಮಹಾಂತೇಶ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ. ಕೆಂಪು ಪೆನ್ನು.

೧೩ ಅಕ್ಟೋಬರ್, ಬುಧವಾರ

ಮಧು ಏನೂ ಹೇಳಿಲ್ಲ. ಪುಸ್ತಕ ಅವರ ಬಳಿಯೇ ಇದೆ. ಹೊನ್ನವ್ವ ಕದರಮಂಡಲಗಿ ಹನುಮಪ್ಪನಿಗೆ ಹರಕೆ ಹೊತ್ತಿದ್ದಾಳಂತೆ, ನನಗೆ ಹಾವೇರಿ ಸಿಗಲಿ ಎಂದೋ ಬ್ಯಾಡಗಿ ಸಿಗಲಿ ಎಂದೋ ಕೇಳಿದರೆ ನಗುತ್ತಾಳೆ. ಊಟವಾದ ಮೇಲೆ ನಾನೇ ಎರಡನೇ ಸಲ ಚಹಾ ಮಾಡಿದೆ. ಸಕ್ಕರೆ ಹೆಚ್ಚಾಯಿತು ಅಂದಳು, ಕುಡಿದಳು.

ಇಂದು ಹನ್ನೊಂದು ಹೂವು. ಮುರಿದದ್ದು ನಾಲ್ಕು.

೧೫ ಅಕ್ಟೋಬರ್, ಶುಕ್ರವಾರ

ಕ್ರಾಸಿಂಗಿನ ಕೊನೆಯ ದಿನ. ದೀಪಿಕಾ, ವಿಜಯಮಹಾಂತೇಶ ಇಬ್ಬರೂ ಹಾಜರಿಯಲ್ಲಿದ್ದಾರೆ. ಹಾಜರಿಯನ್ನು ನಾನೇ ಹಾಕಿದೆ, ಆಳುಗಳದ್ದು ಈ ಸಲ ಹೆಸರು ಹಿಡಿದು. ಪುಟ ಸಾಲಲಿಲ್ಲ.

ಒಂಬತ್ತಕ್ಕೆ ದೀಪಿಕಾ ಆಫೀಸಿನಿಂದ ನನ್ನ ಹೆಸರಿನ ಲಕೋಟೆ ತಂದಳು. ನಾನು ಸಾಲಿನ ನಡುವೆ ಇದ್ದೆ, ಎಡಗೈಯಲ್ಲಿ ಸುಲಿದ ಮೊಗ್ಗು, ಬಲಗೈಯಲ್ಲಿ ಗಂಡು ಹೂವು. ಮುಖ ತಿರುಗಿಸಿದ್ದಕ್ಕೇ ಬಸವಣ್ಣೆವ್ವ ಗದರಿದಳು, ಹೂವು ಕೈಯಲ್ಲಿದ್ದಾಗ ಕಾಗದ ಮುಟ್ಟಬಾರದಂತೆ. ಇದು ನಿಜವಾದ ನಿಯಮವೋ ಅವಳು ನನಗೆ ಕೊಟ್ಟ ಸುಳ್ಳೋ ಗೊತ್ತಾಗಲಿಲ್ಲ. ಕೇಳಲು ಧೈರ್ಯವೂ ಆಗಲಿಲ್ಲ. ದೀಪಿಕಾ ಲಕೋಟೆಯನ್ನು ಬದುವಿನ ಮೇಲಿಟ್ಟು ಮೇಲೊಂದು ಕಲ್ಲು ಹೇರಿದಳು, ನಾನು ಸಾಲು ಮುಗಿಸಿದೆ. ಅದರೊಳಗೆ ಹಾವೇರಿ ಇದೆಯೋ ಬ್ಯಾಡಗಿ ಇದೆಯೋ ಎಂದು ಸುಮಾರು ಇಪ್ಪತ್ತು ಹೂವಿನವರೆಗೆ ಯೋಚಿಸಿದೆ. ಆಮೇಲೆ ದಾರ ಸಿಕ್ಕಾಯಿತು, ಅದನ್ನು ಬಿಡಿಸುವುದರಲ್ಲಿ ಮರೆತೆ.

ಓದಿದ್ದು ಹೊತ್ತೇರಿ ಎಲ್ಲರೂ ಬುತ್ತಿ ಬಿಚ್ಚಿದ ಮೇಲೆ. ಮಧು ಬರೆದಿದ್ದಾರೆ: ಇಬ್ಬರೂ ಉಳಿದಿರುವುದರಿಂದ ಮಾತಿನಂತೆ ತರಬೇತಿ ಅಧಿಕಾರಿಯ ಕೆಲಸ ನನ್ನದು. ಆದರೆ ಪುಸ್ತಕ ಓದಿದ ಮೇಲೆ, ಇಬ್ಬರು ಹೊಸಬರ ಅಭಿಪ್ರಾಯ ಕೇಳಿದ ಮೇಲೆ, ಹಾವೇರಿಯ ಮೇಜು ಸದ್ಯಕ್ಕಿಲ್ಲ. ಆರು ತಿಂಗಳು ಪ್ರೊಬೇಷನ್. ಅಷ್ಟರವರೆಗೆ ನನ್ನ ಜಾಗ ಹೊಲ. ಕಲಿಸುವವರು ಎಂಬಲ್ಲಿ ಬಸವಣ್ಣೆವ್ವ, ಹಲಗೇರಿ ಎಂದು ಟೈಪಾಗಿತ್ತು. ಟೈಪು ದೀಪಿಕಾಳದ್ದು.

ಬಸವಣ್ಣೆವ್ವ ರೊಟ್ಟಿ ಮುರಿಯುತ್ತ, ಏನು ಬರೆದಿದ್ದಾರೆ ಎಂದು ಕೇಳಿದಳು. ಓದಿ ಹೇಳಿದೆ. ಪ್ರೊಬೇಷನ್ ಅಂದರೇನು ಎಂದಳು. ನಾನು ಇನ್ನೂ ಹೊಸಬ ಅಂತ, ಅಂದೆ.

ಅವಳು ನಾನು ಬೆಳಗ್ಗೆ ಮಾಡಿದ ಸಾಲಿನ ಕಡೆ ಒಮ್ಮೆ ನೋಡಿದಳು.

“ಅಷ್ಟ ಹೇಳಾಕ ಅವರು ಕಾಗದ ಯಾಕ ಕೆಡಿಸಿದ್ರು,” ಅಂದಳು.